ಹಾಸನದಿಂದ ಲಕ್ಕವಳ್ಳಿವರೆಗೆ ಟೆಂಟು ಕಟ್ಟಿಕೊಂಡು 4 ದಿನ: ಕೆರೆ, ಕಾಡು, ಘಾಟಿ. ರಾತ್ರಿ ಎಲ್ಲಿ, ಸಾಮಾನು ಏನು?

ಯಗಚಿದಂಡೆ

ಜನವರಿ ಎರಡನೇ ವಾರ ಹೊರಡೋ ಯೋಚನೆ. 4 ಜನ, ಫ್ರಂಟ್ ವೀಲ್ ಡ್ರೈವ್ ಪೆಟ್ರೋಲ್ ಕಾರು, ಇಬ್ಬಿಬ್ಬರು ಮಲಗೋ 2 ಟೆಂಟು, 3 ರಾತ್ರಿ. ಹಾಸನ, ಬೇಲೂರು, ಚಿಕ್ಕಮಗಳೂರು, ಅಲ್ಲಿಂದ ಉತ್ತರಕ್ಕೆ. ಮೊದಲ ರಾತ್ರಿ ಅಯ್ಯನಕೆರೆ ಅಂಗಳದಲ್ಲಿ, ಎರಡನೇದು ಕೆಮ್ಮಣ್ಣುಗುಂಡಿ ಹುಲ್ಲುಗಾವಲಲ್ಲಿ, ಮೂರನೇದು ಲಕ್ಕವಳ್ಳಿ ಹತ್ತಿರ ಭದ್ರಾ ಹಿನ್ನೀರ ದಂಡೆಯಲ್ಲಿ. ನಾಲ್ಕನೇ ದಿನ ಲಕ್ಕವಳ್ಳಿಯಿಂದ ಕಾಡೊಳಗೇ ಮುತ್ತೋಡಿಗೆ ಬಂದು ವಾಪಸ್. ಒಲೆ, ನೀರು, ಟೈರು, ಹುಳ-ಹುಪ್ಪಟೆ ಎಲ್ಲದರ ಬಗ್ಗೆ ಗೊತ್ತಿರೋರು ಹೇಳಿ. ಈ ಪ್ಲಾನಲ್ಲಿ ತಪ್ಪಿದ್ದರೆ ಈಗಲೇ ತಿದ್ದಿ.

ಗಡಿಕಲ್ಲು

ದಾರಿ ಸರಿ ಇದೆ. ರಾತ್ರಿ ಜಾಗ ಮೂರೂ ತಪ್ಪು. ಕೊನೇ ದಿನದ ದಾರಿಯೂ ತಪ್ಪು.

ಕೆಮ್ಮಣ್ಣುಗುಂಡಿ ಗಿರಿಧಾಮ ಇರೋದು ತೋಟಗಾರಿಕೆ ಇಲಾಖೆ ಕೈಯಲ್ಲಿ. ಅಲ್ಲಿ ರಾತ್ರಿ ಇರಬೇಕೆಂದರೆ ಇಲಾಖೆಯ ಅತಿಥಿಗೃಹ ಬುಕ್ ಮಾಡಬೇಕು. ಅದರಾಚೆಯ ಗುಡ್ಡ, ಶೋಲಾ (ಗುಡ್ಡದ ಕಣಿವೆಯ ದಟ್ಟ ಕಾಡು), ಹುಲ್ಲುಗಾವಲು ಅರಣ್ಯಕ್ಕೆ ಸೇರಿದ್ದು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಟೆಂಟು ಹೊಡೆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬರುತ್ತೆ, ಅಭಯಾರಣ್ಯದ ಒಳಗಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತೆ. ಭದ್ರಾ 1998ರಿಂದ ಹುಲಿ ಮೀಸಲು. ಲಕ್ಕವಳ್ಳಿ ಕಡೆಯ ಹಿನ್ನೀರಿನ ಬಹುಪಾಲು ದಂಡೆ ಆ ಕಾಡಿಗೇ ತಾಗಿಕೊಂಡಿದೆ. ಮ್ಯಾಪಲ್ಲಿ ನೀರಿಗೆ ಅಂಟಿದ ಹಸಿರು ಚೆನ್ನಾಗಿ ಕಾಣುತ್ತೆ, ಆದರೆ ಅದು ಆನೆ ನೀರಿಗಿಳಿಯೋ ದಾರಿ.

ಲಕ್ಕವಳ್ಳಿಯಿಂದ ಮುತ್ತೋಡಿಗೆ ಕಾಡೊಳಗೆ ಗೆರೆ ಕಂಡರೂ ಅದು ಪ್ರವಾಸಿಗರ ರಸ್ತೆ ಅಲ್ಲ. ಮುತ್ತೋಡಿಗೆ ಚಿಕ್ಕಮಗಳೂರಿನಿಂದ ಮಲ್ಲಂದೂರು, ಸಿರವಾಸೆ ಮೇಲೇ ಹೋಗಬೇಕು. ಸೋಮವಾಹಿನಿ ಹೊಳೆ ಹತ್ತಿರ ಅರಣ್ಯ ಇಲಾಖೆಯದೇ ಕಾಟೇಜು, ಡಾರ್ಮಿಟರಿ ಇವೆ, ಮೊದಲೇ ಬುಕ್ ಮಾಡಿ. ಲಕ್ಕವಳ್ಳಿಯಲ್ಲಿ ನೀರಿನ ಪಕ್ಕವೇ ಮಲಗೋ ಆಸೆ ಇದ್ದರೆ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಇದೆ. ದುಬಾರಿ ಅನಿಸಿದರೆ ದಂಡೆ ಬಿಟ್ಟು ಊರ ಕಡೆಯ ಖಾಸಗಿ ತೋಟ ನೋಡಿ.

ಟೆಂಟೇ ಬೇಕು ಅಂದರೆ ಸರಿಯಾದ ಜಾಗ ಒಂದೇ: ಮಾಲೀಕರ ಒಪ್ಪಿಗೆ ಇರೋ ಖಾಸಗಿ ಜಮೀನು. ಒಪ್ಪಿಗೆ ಬಾಯಿಮಾತಲ್ಲಿ ಬೇಡ. ಯಾವ ತೋಟ, ಯಾವ ದಿನ, ಎಷ್ಟು ಜನ, ಕಾರ್ ನಂಬರ್ ಇಷ್ಟು ಬರೆದು ಮಾಲೀಕರಿಂದ ವಾಟ್ಸಾಪಲ್ಲಿ ‘ಸರಿ’ ಅಂತ ಬರಿಸಿಕೊಳ್ಳಿ. ರಾತ್ರಿ 10ಕ್ಕೆ ಬೀಟ್ ಪೊಲೀಸರು ಅಥವಾ ಫಾರೆಸ್ಟ್ ಗಾರ್ಡ್ ಬಂದು ಕೇಳಿದಾಗ, ಸಿಗ್ನಲ್ ಇಲ್ಲದಿದ್ದರೂ ತೋರಿಸೋಕೆ ಅದರ ಸ್ಕ್ರೀನ್‌ಶಾಟ್ ಇರಬೇಕು.

ತೂಬು

ಗಡಿಕಲ್ಲು ಹೇಳಿದ್ದಕ್ಕೆ ಅಯ್ಯನಕೆರೆ ವಿಷಯ ಸೇರಿಸ್ತೀನಿ, ಇದನ್ನು ಜನ ಹಗುರವಾಗಿ ತಗೋತಾರೆ.

ಅಯ್ಯನಕೆರೆ ಇರೋದು ಸಖರಾಯಪಟ್ಟಣದ ಹತ್ತಿರ, ಶಕುನಗಿರಿ ಬುಡದಲ್ಲಿ. ರುಕ್ಮಾಂಗದ ರಾಯ ಕಟ್ಟಿಸಿದ್ದು, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಜೀರ್ಣೋದ್ಧಾರ ಆಯಿತು ಅಂತ ಹೇಳ್ತಾರೆ. ಇವತ್ತಿಗೂ ಗದ್ದೆ-ತೋಟಕ್ಕೆ ನೀರು ಕೊಡೋ ಕೆರೆ ಅದು, ಪಿಕ್ನಿಕ್ ಮೈದಾನ ಅಲ್ಲ. ಏರಿ ಮೇಲೆ ಕಾರು ನಿಲ್ಲಿಸಬೇಡಿ, ರೈತರ ಗಾಡಿ, ಟ್ರ್ಯಾಕ್ಟರ್ ಓಡಾಡೋ ದಾರಿ. ಕೋಡಿ ಕೆಳಗೆ, ತೂಬಿನ ಕಾಲುವೆ ಪಕ್ಕ ಮಲಗೋದು ಬೇಡವೇ ಬೇಡ.

ಅಂಗಳದ ಮಾತು. ಮಳೆ ಚೆನ್ನಾಗಿ ಆದ ವರ್ಷ ಜನವರಿಯಲ್ಲಿ ಅಂಗಳವೇ ಇರಲ್ಲ, ಪೂರಾ ನೀರು. ನೀರು ಹಿಂದೆ ಸರಿದ ವರ್ಷ ಉಳಿಯೋದು ಗೋಡು. ಮೇಲ್ಪದರ ಹೆಂಚು ಜೋಡಿಸಿದ ಹಾಗೆ ಒಣಗಿ, ಬಿರುಕು ಬಿಟ್ಟು, ಬೂದು ಬಣ್ಣಕ್ಕೆ ತಿರುಗಿರುತ್ತೆ. ಮನುಷ್ಯ ನಡೆದರೆ ತಡೆಯುತ್ತೆ. ಒಂದು ಹೆಂಚು ಎತ್ತಿ ನೋಡಿ: ಎರಡು ಬೆರಳು ದಪ್ಪ ಒಣಮಣ್ಣು, ಅದರಡಿ ಕರ್ರಗೆ ಬೆಣ್ಣೆಯಂಥ ಕೆಸರು, ಕೊಳೆತ ಎಲೆ ವಾಸನೆ. ಕಾರಿನ ಮುಂದಿನ ಒಂದು ಚಕ್ರದ ಮೇಲೇ 300 ಕೆಜಿಗಿಂತ ಹೆಚ್ಚು ಭಾರ ಬೀಳುತ್ತೆ, ಹೆಂಚು ಒಡೆದ ಕೂಡಲೇ ಆಕ್ಸಲ್‌ವರೆಗೆ ಇಳಿಯುತ್ತೆ.

ಪರೀಕ್ಷೆ ಸುಲಭ. ಬೆರಳು ದಪ್ಪದ, 2 ಅಡಿ ಉದ್ದದ ಕಬ್ಬಿಣದ ಸರಳು ಇಟ್ಟುಕೊಳ್ಳಿ. ಹೋಗಬೇಕಾದ ದಾರಿಯಲ್ಲಿ ಹತ್ತು ಹೆಜ್ಜೆಗೊಂದು ಕಡೆ ಕೈಯಲ್ಲೇ ಒತ್ತಿ. ಒಂದು ಗೇಣಿಗಿಂತ ಆಳ ಹೋದರೆ ಕಾರು ಅಲ್ಲಿಗೆ ಹೋಗಬಾರದು. ದನದ ಗೊರಸಿನ ಗುರುತು 3 ಇಂಚಿಗಿಂತ ಆಳ ಇದ್ದರೂ ಅದೇ ಅರ್ಥ.

ಭದ್ರಾ ಹಿನ್ನೀರಿಗೂ ಇದೇ ಮಾತು. ಜನವರಿಯಲ್ಲಿ ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡ್ತಾರೆ, 186 ಅಡಿಯ ಪೂರ್ಣ ಮಟ್ಟದಿಂದ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಇಳಿದ ಹಾಗೆಲ್ಲ ಹೊಸ ಕೆಸರಿನ ಪಟ್ಟೆ ಆಚೆ ಬರುತ್ತೆ. ಗೊರೂರು ಡ್ಯಾಮಿನ ಹಿನ್ನೀರಲ್ಲಿ ಶೆಟ್ಟಿಹಳ್ಳಿ ಚರ್ಚ್ ಸುತ್ತ ಕಾರು ಹೂತುಕೊಳ್ಳೋದಕ್ಕೂ ಇದೇ ಕಾರಣ. ನಡೆದು ಹೋಗಿ ನೋಡಿ, ಕಾರು ಗಟ್ಟಿ ದಾರಿಯಲ್ಲೇ ಇರಲಿ.

ಸೆಕೆಂಡ್‌ಗೇರ್

ಕಾರು ಹೂತರೆ ಏನು ಮಾಡಬೇಕು ಅಂತಲೂ ಬರೆದುಬಿಡ್ತೀನಿ, ಮೊದಲ ಅರ್ಧ ನಿಮಿಷದಲ್ಲೇ ಎಲ್ಲ ಕೆಡೋದು.

ಚಕ್ರ ಒಂದು ಸಲ ಸುಮ್ಮನೆ ತಿರುಗಿತು ಅಂದ ತಕ್ಷಣ ಆಕ್ಸಿಲರೇಟರ್ ಬಿಡಿ. ಇನ್ನೊಂದು ಸಲ ಒತ್ತಿದರೆ ಚಕ್ರವೇ ಗುಂಡಿ ತೋಡುತ್ತೆ, ಹೊಟ್ಟೆ ನೆಲಕ್ಕೆ ಕೂರುತ್ತೆ, ಆಮೇಲೆ ಟ್ರ್ಯಾಕ್ಟರೇ ಗತಿ. ಎಲ್ಲರನ್ನೂ ಇಳಿಸಿ, ನೀರಿನ ಕ್ಯಾನು ಇಳಿಸಿ. ಮುಂದಿನ ಎರಡು ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಟೈರು ಅಗಲವಾಗಿ ನೆಲ ಹಿಡಿಯುತ್ತೆ. ನೀವು ಬಂದ ದಾರಿಯೇ ಗಟ್ಟಿ ದಾರಿ, ಆದ್ದರಿಂದ ಹಿಂದಕ್ಕೇ ತೆಗೆಯಬೇಕು. ಮುಂದಿನ ಚಕ್ರಗಳ ಹಿಂಭಾಗದಲ್ಲಿ ಸನಿಕೆಯಿಂದ ಇಳಿಜಾರು ತೋಡಿ, ಅಲ್ಲಿಗೆ 2 ಅಡಿ ಉದ್ದ, 1 ಅಡಿ ಅಗಲದ ಹಲಗೆ ಕೊಡಿ. ಇಲ್ಲದಿದ್ದರೆ ಕಾರಿನ ಫ್ಲೋರ್ ಮ್ಯಾಟನ್ನೇ ತಲೆಕೆಳಗು ಹಾಸಿ. ಸ್ಟೀರಿಂಗ್ ನೇರ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್, ರಿವರ್ಸ್ ಗೇರಲ್ಲಿ ಕ್ಲಚ್ ನಿಧಾನವಾಗಿ ಬಿಡಿ. ಹಲಗೆ ಹಾರಬಹುದು, ಕಾರಿನ ಎದುರು ಯಾರೂ ನಿಲ್ಲಬೇಡಿ.

ಎಳೆಸಬೇಕಾದರೆ ಟೋ ಹುಕ್ ಡಿಕ್ಕಿಯ ಮ್ಯಾಟ್ ಕೆಳಗೆ, ಜಾಕ್ ಜೊತೆ ಇರುತ್ತೆ. ಬಂಪರಿನ ಚೌಕದ ಮುಚ್ಚಳ ತೆಗೆದು ತಿರುಗಿಸಿ, ಕೊನೆಗೆ ವೀಲ್ ಸ್ಪ್ಯಾನರ್ ತೂರಿಸಿ ಬಿಗಿ ಮಾಡಿ. ಕೆಲವು ಕಾರಲ್ಲಿ ಇದರ ಥ್ರೆಡ್ ಉಲ್ಟಾ ಇರುತ್ತೆ, ಬಲವಂತ ಮಾಡಬೇಡಿ. ಸಸ್ಪೆನ್ಷನ್ ಆರ್ಮ್‌ಗೆ ಹಗ್ಗ ಕಟ್ಟಿದರೆ ಚಕ್ರದ ಅಲೈನ್‌ಮೆಂಟ್ ಹೋಗುತ್ತೆ. 12 ವೋಲ್ಟ್ ಕಂಪ್ರೆಸರ್ ಜೊತೆಗಿರಲಿ. ಗಾಳಿ ಪೂರ್ತಿ ತುಂಬದೆ ಟಾರು ರಸ್ತೆಗೆ ಹತ್ತಬೇಡಿ.

ಭಾರದ ಲೆಕ್ಕ: 4 ಜನ, 40 ಲೀಟರ್ ನೀರು, ಟೆಂಟು, ಪಾತ್ರೆ ಸೇರಿದರೆ 350 ಕೆಜಿ ದಾಟುತ್ತೆ. ಡ್ರೈವರ್ ಬಾಗಿಲ ಅಂಚಿನ ಸ್ಟಿಕರಲ್ಲಿ ಪೂರ್ಣ ಭಾರಕ್ಕೆ ಬೇರೆಯೇ ಗಾಳಿ ಬರೆದಿರುತ್ತೆ, ಹಿಂದಿನ ಟೈರಿಗೆ ಹೆಚ್ಚು. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಹಾಕಿಸಿ. ನೀರಿನ ಕ್ಯಾನು ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಇಡಿ. ಛಾವಣಿಗೆ ಹಾಸಿಗೆ, ಬಟ್ಟೆಯಂಥ ಹಗುರವಾದದ್ದು ಮಾತ್ರ.

ಗಾಳಿಕೆರೆ

ಕಲ್ಲತ್ತಿಗಿರಿಯಿಂದ ಕೆಮ್ಮಣ್ಣುಗುಂಡಿ ಹತ್ತುವಾಗಲೂ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಚೆನ್ನಾಗಿ ಸಿಗುತ್ತೆ ಅಂತಾರಲ್ಲ?

ಸೆಕೆಂಡ್‌ಗೇರ್

ಬೇಡ. ಅದು ಕೆಸರು, ಮರಳಿಗೆ ಮಾತ್ರ. ತುಂಬಿದ ಕಾರಲ್ಲಿ ಗಾಳಿ ಕಡಿಮೆ ಇದ್ದರೆ ಹೇರ್‌ಪಿನ್ ತಿರುವಲ್ಲಿ ಟೈರಿನ ಪಕ್ಕ ಮಡಚುತ್ತೆ, ಬಿಸಿ ಏರುತ್ತೆ, ಕಲ್ಲಂಚು ತಾಗಿದರೆ ಪಕ್ಕವೇ ಸೀಳುತ್ತೆ. ಪಕ್ಕ ಸೀಳಿದ ಟೈರಿಗೆ ಪಂಕ್ಚರ್ ಹಾಕೋಕೆ ಆಗಲ್ಲ.

ಅಲ್ಲಿ ಯೋಚನೆ ಮಾಡಬೇಕಾದ್ದು ಇಳಿಯೋದನ್ನ. ಯಾವ ಗೇರಲ್ಲಿ ಹತ್ತಿದಿರೋ ಅದೇ ಗೇರಲ್ಲಿ ಇಳೀರಿ, ಅಂದರೆ ಬಹುತೇಕ ಎರಡು, ತಿರುವಲ್ಲಿ ಒಂದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತೆ. ಆ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತೆ. ಪೆಡಲ್ ಮೆತ್ತಗೆ ಕೆಳಗಿಳಿದರೆ ಒಳಗಿನ ದ್ರವವೇ ಕುದಿದಿದೆ ಅಂತ ತಿಳೀರಿ. ಡಾಟ್ 4 ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಬದಲಿಸಿ 2 ವರ್ಷ ಆಗಿದ್ದರೆ ಹೊರಡೋ ಮೊದಲೇ ಹಾಕಿಸಿ.

ಎದುರು ಗಾಡಿ ಸಿಕ್ಕಾಗ ಹತ್ತೋ ಗಾಡಿಗೆ ದಾರಿ ಬಿಡಿ. ಮಂಜಿಗೆ ಡಿಪ್ ಲೈಟು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ ಆಗುತ್ತೆ.

ಕಾಫಿಕಣ

ತೋಟದಲ್ಲಿ ಟೆಂಟು ಅಂತ ತೀರ್ಮಾನ ಆದರೆ ಜನವರಿ ತೋಟ ಹೇಗಿರುತ್ತೆ ಅಂತ ತಿಳ್ಕೊಂಡು ಬನ್ನಿ ಮಾರಾಯ್ರೆ. ಅರೇಬಿಕಾ ಕೊಯ್ಲು ಮುಗೀತಾ, ರೊಬಸ್ಟಾ ಶುರುವಾಗೋ ಹೊತ್ತು. ಕಣ ತುಂಬ ಕಾಫಿ ಹರಡಿರ್ತಾರೆ. ಕಣ ಸಮತಟ್ಟಾಗಿದೆ ಅಂತ ಅಲ್ಲಿ ಟೆಂಟು, ಕಾರು ಬೇಡ. ಒಣಗೋ ಕಾಫಿ ಪಕ್ಕದ ವಾಸನೆಯೆಲ್ಲ ಹೀರುತ್ತೆ, ಪೆಟ್ರೋಲು, ಹೊಗೆ ತಾಗಿದರೆ ಆ ಲಾಟೇ ಹಾಳು.

ಸಿಲ್ವರ್ ಓಕ್ ಕೆಳಗೆ ಮಲಗಬೇಡಿ. ಒಣಗಿದ ಕೊಂಬೆ ಗಾಳಿ ಇಲ್ಲದಿದ್ದರೂ ಬೀಳುತ್ತೆ. ಮೇಲೆ ನೋಡದೆ ಗೂಟ ಹೊಡೆಯಬಾರದು. ದೊಡ್ಡ ಮರದಲ್ಲಿ ಹೆಜ್ಜೇನುಗೂಡು ನೇತಾಡ್ತಿದ್ದರೆ ಅದರಡಿ ಒಲೆ ಹಚ್ಚಲೇಬಾರದು, ಹೊಗೆ ತಾಗಿ ಎದ್ದರೆ ಕಾರೊಳಗೆ ಸೇರಿ ಗಾಜು ಏರಿಸೋದು ಬಿಟ್ಟು ಬೇರೆ ದಾರಿ ಇಲ್ಲ.

ತೋಟದ ಹಳ್ಳದ ನೀರು ಕುಡಿಯಬೇಡಿ. ಈ ಸಮಯದಲ್ಲಿ ಮೇಲಿನ ತೋಟಗಳ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದದ್ದು) ಹಳ್ಳಕ್ಕೆ ಸೇರಿರಬಹುದು, ಔಷಧಿ ಹೊಡೆದದ್ದೂ ತೊಳೆದು ಬಂದಿರುತ್ತೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ರಾಸಾಯನಿಕ ಹೋಗಲ್ಲ.

ಆನೆ. ಹಾಸನದ ಸಕಲೇಶಪುರ, ಆಲೂರು, ಬೇಲೂರು, ನಮ್ಮ ಕಡೆ ಮೂಡಿಗೆರೆ, ಆಲ್ದೂರು, ಎಲ್ಲ ಕಡೆ ಕಾಫಿ ತೋಟದೊಳಗೇ ಆನೆ ಹಗಲು ನಿಲ್ಲುತ್ತೆ, ಕತ್ತಲಾದ ಮೇಲೆ ನಡೆಯುತ್ತೆ. 2023ರ ಡಿಸೆಂಬರಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನ ತೀರಿಕೊಂಡಿದ್ದು ಸಕಲೇಶಪುರ ತಾಲೂಕಿನ ಕಾಡಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ. ಪಳಗಿದ ಅಷ್ಟು ದೊಡ್ಡ ಆನೆಗೇ ಹಾಗಾದ ನೆಲ ಇದು. ಸಂಜೆ 5ಕ್ಕೆ ತೋಟದ ರೈಟರನ್ನ (ಲೆಕ್ಕ, ಆಳು ನೋಡಿಕೊಳ್ಳೋರು) ಕೇಳಿ, ‘ಇವತ್ತು ಆನೆ ಎಲ್ಲಿದೆ?’ ಅಂತ. ಅವರ ವಾಟ್ಸಾಪ್ ಗುಂಪಲ್ಲಿ ಆ ಸುದ್ದಿ ಬಂದಿರುತ್ತೆ. ಪಕ್ಕದ ತೋಟದಲ್ಲಿದೆ ಅಂದರೆ ಟೆಂಟು ಬಿಚ್ಚಿ ಮನೆ ಜಗುಲಿಗೆ ಬನ್ನಿ, ಯಾರೂ ಬೇಡ ಅನ್ನಲ್ಲ. ಬಾಳೆಗೊನೆ, ಬೆಲ್ಲ, ಉಪ್ಪಿನ ಚೀಲ ಟೆಂಟಲ್ಲಿ ಇಡಬೇಡಿ. ಸೋಲಾರ್ ಬೇಲಿ ತಂತಿಗೆ ಬಟ್ಟೆ ಒಣಗಿಸೋದು, ಟೆಂಟಿನ ಹಗ್ಗ ಕಟ್ಟೋದು ಎರಡೂ ಕೂಡದು.

ಒಲೆಕಟ್ಟೆ

ಅಡಿಗೆ ಲೆಕ್ಕ 4 ಜನಕ್ಕೆ. ಕುಡಿಯೋಕೆ, ಬೇಯಿಸೋಕೆ ತಲೆಗೆ ದಿನಕ್ಕೆ 5 ಲೀಟರ್, ಅಂದರೆ 20. ತೊಳೆಯೋಕೆ 10. 20 ಲೀಟರಿನ 2 ಕ್ಯಾನು ಸಾಕು, ಕಡೂರಲ್ಲೊಮ್ಮೆ ತರೀಕೆರೆಯಲ್ಲೊಮ್ಮೆ ತುಂಬಿಸಿ.

ಗ್ಯಾಸು: 1 ಲೀಟರ್ ನೀರು ಕುದಿಯೋಕೆ ಗಾಳಿ ಇಲ್ಲದ ಕಡೆ ಸುಮಾರು 15 ಗ್ರಾಂ ಬ್ಯೂಟೇನ್ ಬೇಕು. ಎರಡು ಹೊತ್ತಿನ ಕಾಫಿ, ಎರಡು ಹೊತ್ತಿನ ಅಡಿಗೆ ಸೇರಿ ದಿನಕ್ಕೆ 100 ಗ್ರಾಂ. ಲೆಕ್ಕಕ್ಕೆ 230 ಗ್ರಾಮಿನ 2 ಡಬ್ಬಿ ಸಾಕು, ಆದರೆ 3 ಒಯ್ಯಿರಿ, ಗಾಳಿಗೆ ಅರ್ಧ ಉರಿ ಹಾರಿಹೋಗುತ್ತೆ. ಬೆಳಗಿನ ಚಳಿಗೆ ಉರಿ ಸಣ್ಣಗಾದರೆ ಡಬ್ಬಿ ಖಾಲಿ ಅಂತ ಎಸೆಯಬೇಡಿ. ಗ್ಯಾಸು ಹೊರಬರುವಾಗ ಡಬ್ಬಿಯನ್ನೇ ತಣ್ಣಗೆ ಮಾಡುತ್ತೆ, ಒತ್ತಡ ಬೀಳುತ್ತೆ. ಒಲೆ ಆರಿಸಿ, ಡಬ್ಬಿ ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ 2 ನಿಮಿಷ ಇಟ್ಟು ಒರೆಸಿ ಹಾಕಿ. ಗಾಳಿಗೆ ಮರೆ ಒಂದು ಪಕ್ಕ ಮಾತ್ರ ಇರಲಿ, ಡಬ್ಬಿಯನ್ನೂ ಸೇರಿಸಿ ಸುತ್ತ ಮುಚ್ಚಿದರೆ ಕಾದು ಸಿಡಿಯುತ್ತೆ. ಡಬ್ಬಿ ಪಕ್ಕದಲ್ಲಿ ಕೂರೋ ಒಲೆ ಮೇಲೆ ದೊಡ್ಡ ಕಾವಲಿ ಇಟ್ಟರೂ ಅದೇ ಅಪಾಯ, ಅಕ್ಕಿ ರೊಟ್ಟಿಗೆ ಸಣ್ಣ ಕಾವಲಿ ತನ್ನಿ.

ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ. ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯಲ್ಲ. 3 ಲೀಟರಿನ ಕುಕ್ಕರ್ ಒಯ್ದರೆ ಬೇಳೆಯೂ ಆಗುತ್ತೆ, ಗ್ಯಾಸೂ ಉಳಿಯುತ್ತೆ. ಒಂದು ಹೊತ್ತಿಗೆ ಅಕ್ಕಿ 450 ಗ್ರಾಂ. ಬೆಳಿಗ್ಗೆಗೆ ಅವಲಕ್ಕಿ, ಹುರಿಟ್ಟು, ಚಟ್ನಿಪುಡಿ ಇದ್ದರೆ ಒಲೆ ಹಚ್ಚೋದೇ ಕಾಫಿಗೆ ಮಾತ್ರ.

ಗಾಳಿಕೆರೆ

ಚಳಿಗೆ ಇದ್ದಿಲ ಸಿಗಡಿ ಟೆಂಟಿನ ಬಾಗಿಲ ಒಳಗೆ ಇಟ್ಟುಕೊಂಡು, ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಕಾಗಲ್ವಾ?

ಒಲೆಕಟ್ಟೆ

ಸಾಕಾಗಲ್ಲ. ಜೀವ ಹೋಗುತ್ತೆ. ಇದ್ದಿಲಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಕೆಮ್ಮೂ ಬರಲ್ಲ, ನಿದ್ದೆಯಲ್ಲೇ ಮುಗಿಯುತ್ತೆ. ಕಾರಿನ ಎಂಜಿನ್ ಓಡಿಸಿಕೊಂಡು ಹೀಟರಲ್ಲಿ ಮಲಗೋದೂ ಬೇಡ. ಚಳಿ ಬರೋದು ನೆಲದಿಂದ. ಕೆಳಗೆ ಎರಡು ಫೋಮ್ ಚಾಪೆ, ಮೇಲೆ ಒಂದು ಕಂಬಳಿ, ತಲೆಗೆ ಟೋಪಿ. ಕುದಿ ಆರಿದ ಬಿಸಿನೀರನ್ನ ಸ್ಟೀಲ್ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಕಾಲ ಹತ್ತಿರ ಇಡಿ.

ಬೆಂಕಿ ಹಾಕೋದಾದರೆ ಮಾಲೀಕರು ತೋರಿಸಿದ ಜಾಗದಲ್ಲೇ, 1 ಅಡಿ ಗುಂಡಿ ತೋಡಿ, ಸುತ್ತ 2 ಮೀಟರ್ ತರಗೆಲೆ ಗುಡಿಸಿ. ಹೊಳೆಯ ಒದ್ದೆ ಕಲ್ಲು ಒಲೆಗುಂಡಾಗಿ ಇಡಬೇಡಿ, ಹಸಿ ಬಿದಿರು ಹಾಕಬೇಡಿ, ಎರಡೂ ಒಳಗಿನ ಆವಿಗೆ ಸಿಡಿಯುತ್ತವೆ. ಆರಿಸುವಾಗ ನೀರು ಹಾಕಿ, ಕೆದಕಿ, ಮತ್ತೆ ಹಾಕಿ, ಬೂದಿ ಹತ್ತಿರ ಅಂಗೈ ಹಿಂಭಾಗ ಹಿಡಿದಾಗ ಶಾಖ ಬರಬಾರದು. ಫೆಬ್ರವರಿ ಆದ ಮೇಲೆ ಬೆಂಕಿಯ ಮಾತೇ ಬೇಡ, ಕಾಡ್ಗಿಚ್ಚಿನ ಕಾಲ.

ಉಣುಗು

ಇಂಬಳದ (ಜಿಗಣೆ) ಬಗ್ಗೆ ಎಲ್ಲರೂ ಕೇಳ್ತಾರೆ. ಜನವರಿಯಲ್ಲಿ ಅವು ಕಡಿಮೆ, ಕಚ್ಚಿದರೂ ರಕ್ತ ಹೋಗುತ್ತೆ ಅಷ್ಟೇ. ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣಿಗೆ, ಮಂಗನ ಕಾಯಿಲೆ ಹರಡೋದು ಅದೇ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಎನ್.ಆರ್.ಪುರ, ಕೊಪ್ಪ, ಶೃಂಗೇರಿ ಕಡೆ ಪ್ರಕರಣ ಬರುತ್ತವೆ. ನವೆಂಬರಿಂದ ಮೇವರೆಗೆ ಅದರ ಕಾಲ, ನಿಮ್ಮ ಪ್ರವಾಸ ಸರಿಯಾಗಿ ಅದರ ನಡುವೆ ಬರುತ್ತೆ.

ಕಾಯಿಲೆ ಹರಡೋದು ಹೆಚ್ಚಾಗಿ ಮರಿ ಉಣುಗು, ಎಳ್ಳುಕಾಳಿನಷ್ಟೂ ಇರಲ್ಲ, ಮಚ್ಚೆ ಅಂತ ಅನಿಸುತ್ತೆ. ತರಗೆಲೆ ಮೇಲೆ ಕೂರಬೇಡಿ. ಪ್ಯಾಂಟಿನ ಅಂಚನ್ನ ಸಾಕ್ಸ್ ಒಳಗೆ ಸೇರಿಸಿ, ತಿಳಿ ಬಣ್ಣದ ಬಟ್ಟೆ ಹಾಕಿ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಹತ್ತದಂತೆ ಹಚ್ಚೋ ಡೆಪಾ ತೈಲ ಕೊಡ್ತಾರೆ, ಕೇಳಿ ತಗೊಂಡು ಕೈಕಾಲಿಗೆ ಹಚ್ಚಿ. ಸಂಜೆ ಟೆಂಟಿಗೆ ಹೋಗೋ ಮೊದಲು ಮಂಡಿ ಹಿಂದೆ, ತೊಡೆಸಂದು, ಸೊಂಟದ ಪಟ್ಟಿ, ಕಂಕುಳು, ಕಿವಿ ಹಿಂದೆ ಟಾರ್ಚ್ ಹಾಕಿ ಒಬ್ಬರಿಗೊಬ್ಬರು ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದ ಕಡೆಯೇ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಹೊಟ್ಟೆ ಹಿಚುಕಿದರೆ ಅದರೊಳಗಿನದು ನಿಮ್ಮ ಗಾಯಕ್ಕೇ ಬರುತ್ತೆ. ಆಮೇಲೆ ಸೋಪು ನೀರು.

ಮನೆಗೆ ಬಂದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ದಿಢೀರ್ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ‘ಕಾಡಿಗೆ ಹೋಗಿದ್ದೆ’. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ.

ಯಗಚಿದಂಡೆ

ಎಲ್ಲರಿಗೂ ಋಣಿ. ಬದಲಾಯಿಸಿದ ಪ್ಲಾನ್: ಮೊದಲ ರಾತ್ರಿ ಸಖರಾಯಪಟ್ಟಣ ಕಡೆ ಒಪ್ಪಿಗೆ ಸಿಕ್ಕಿರೋ ತೆಂಗಿನ ತೋಟ, ಅಯ್ಯನಕೆರೆಗೆ ಸಂಜೆ ನಡೆದು ಹೋಗೋದು. ಎರಡನೇ ದಿನ ಕಡೂರು, ಬೀರೂರು, ಲಿಂಗದಹಳ್ಳಿ, ಕಲ್ಲತ್ತಿಗಿರಿ, ರಾತ್ರಿ ಕೆಮ್ಮಣ್ಣುಗುಂಡಿ ಅತಿಥಿಗೃಹ. ಮೂರನೇ ದಿನ ತರೀಕೆರೆ, ಲಕ್ಕವಳ್ಳಿ, ಸಂಜೆಯೊಳಗೆ ಲಿಂಗದಹಳ್ಳಿ ಹತ್ತಿರದ ತೋಟದಲ್ಲಿ ಟೆಂಟು. ನಾಲ್ಕನೇ ದಿನ ಸಂತವೇರಿ, ಕೈಮರ ಮೇಲೆ ಚಿಕ್ಕಮಗಳೂರು. ಮುತ್ತೋಡಿ ಬೇರೆ ಸಲ. ಹೀಗಾದರೆ ಸರಿನಾ? ತೋಟದ ನೆಲ ಜಂಬಿಟ್ಟಿಗೆ ಮಣ್ಣು ಅಂದರು, ಟೆಂಟಿನ ಜೊತೆ ಬಂದ ಅಲ್ಯೂಮಿನಿಯಂ ಗೂಟ ಸಾಕಾ?

ಗಡಿಕಲ್ಲು

ಸರಿ ಇದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ತಿರುಗೋ ಆಸೆ ಇದ್ದರೆ ಮೊದಲು ಜಿಲ್ಲಾಡಳಿತದ ಆನ್‌ಲೈನ್ ನೋಂದಣಿ ನೋಡಿ. ಇದೇ ಪ್ಲಾನನ್ನ ಡಿಸೆಂಬರಿಗೆ ಇಟ್ಟುಕೊಳ್ಳೋರು ದತ್ತ ಜಯಂತಿ ದಿನಾಂಕ ನೋಡಿಕೊಳ್ಳಿ, ಆ ಕೆಲವು ದಿನ ಗಿರಿಗೆ ಪ್ರವಾಸಿಗರನ್ನ ಬಿಡಲ್ಲ.

ತೂಬು

ಆ ಗೂಟ ಸಾಲದು, ಎರಡನೇ ಏಟಿಗೇ ಬಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಇಂಚಿನ ಕಬ್ಬಿಣದ ಮೊಳೆ ಸಿಗುತ್ತೆ, ಒಂದೊಂದಕ್ಕೆ ವಾಷರ್ ಹಾಕಿಸಿ, ಟೆಂಟಿಗೆ 12ರಂತೆ 24 ತಗೊಳ್ಳಿ. ಅರ್ಧ ಕೆಜಿಯ ಸುತ್ತಿಗೆ. ಹೊಡೆಯೋ ಜಾಗಕ್ಕೆ ಅರ್ಧ ಲೋಟ ನೀರು ಹಾಕಿ 5 ನಿಮಿಷ ಬಿಟ್ಟರೆ ಜಂಬಿಟ್ಟಿಗೆ ಮೆತ್ತಗಾಗುತ್ತೆ. ಕೆಳಗೆ ಹಾಸೋ ಟಾರ್ಪಾಲು ಟೆಂಟಿನ ತಳಕ್ಕಿಂತ ಒಂದು ಅಂಗೈ ಒಳಗೇ ಇರಲಿ, ಹೊರಗೆ ಚಾಚಿದರೆ ಇಬ್ಬನಿ ನೀರು ಅದರ ಮೇಲೆ ಇಳಿದು ಒಳಗೆ ಬರುತ್ತೆ. ಮೇಲಿನ ಕಿಂಡಿ ಎರಡೂ ತೆರೆದಿಡಿ, ಇಲ್ಲದಿದ್ದರೆ ಬೆಳಿಗ್ಗೆ ಉಸಿರಿನ ತೇವವೇ ಹಾಸಿಗೆ ಮೇಲೆ ತೊಟ್ಟಿಕ್ಕುತ್ತೆ.

ಮೊಳೆಯ ತಲೆಗೆ ಒಂದು ತುಂಡು ಕೆಂಪು ರಿಬ್ಬನ್ ಕಟ್ಟಿ. ಹೊರಡುವಾಗ ಎಣಿಸಿ, 24 ಹೊಡೆದಿದ್ದರೆ 24 ಕೈಗೆ ಬರಬೇಕು. ಆ ತೋಟದಲ್ಲಿ ಮರುದಿನ ಬರಿಗಾಲಲ್ಲಿ ಓಡಾಡೋ ಜನ ಇರ್ತಾರೆ.